ಕೈ ತೊಳೆಯೋದು ಮೊದಲೋ, ಆಮೇಲೋ

ಮಗಳು ಹುಟ್ಟಿದ ಮೊದಲ ಎರಡು ತಿಂಗಳಲ್ಲಿ ನನ್ನ ಬಾಯಿಂದ ಅತಿ ಹೆಚ್ಚು ಸಲ ಬಂದ ಮಾತು ಯಾವುದು ಅಂತ ಕೇಳಿದರೆ, ಯಾವುದೋ ಮುದ್ದಿನ ಮಾತು ಅಂತ ಹೇಳಿಬಿಡೋಕೆ ಆಸೆ. ಆದರೆ ನಿಜ ಹೇಳಬೇಕಲ್ಲ. ಆ ಮಾತು 'ಕೈ ತೊಳ್ಕೊಂಡ್ಯಾ?' ಕೇಳುತ್ತಿದ್ದದ್ದು ಹೆಂಡತಿಯನ್ನ. ಡೈಪರ್ ಬದಲಿಸಿ ಅವಳು ಎದ್ದಳೋ ಇಲ್ಲವೋ, ನಾನು ಮನೆಯಲ್ಲಿ ಎಲ್ಲೇ ಇದ್ದರೂ, ಯಾವ ಕೆಲಸದಲ್ಲೇ ಮುಳುಗಿದ್ದರೂ, ಅಲ್ಲಿಂದಲೇ ಕೇಳಿಬಿಡುತ್ತಿದ್ದೆ. ಕೂಗುತ್ತಿರಲಿಲ್ಲ, ಮೆತ್ತಗೇ ಕೇಳುತ್ತಿದ್ದೆ. ಮೆತ್ತಗೆ ಕೇಳಿದ್ದೇ ಜಾಸ್ತಿ ಉರಿಸಿದ್ದು ಅಂತ ಅವಳು ಆಮೇಲೆ ಹೇಳಿದಳು.

ಮಗಳಿಗೆ ಈಗ ಮೂರು ದಾಟಿದೆ. ಡೈಪರಿನ ಕಾಲ ಮುಗಿದಿದೆ. ಅದರ ಜೊತೆಗೇ ಆ ಜಗಳವೂ ಮುಗಿಯಿತು ಅಂದುಕೊಂಡಿದ್ದೆ. ಹೋದ ವಾರ ಗೆಳೆಯನೊಬ್ಬನ ಮನೆಗೆ ಪಾಪು ನೋಡೋಕೆ ಹೋಗಿದ್ದೆವು. ಒಂದು ತಿಂಗಳ ಕೂಸು. ಒಳಗಿನ ಕೋಣೆಯಿಂದ ಅವನ ಹೆಂಡತಿ ಮಗುವನ್ನ ಎತ್ತಿಕೊಂಡು ಬಂದರು. ನಮ್ಮ ಜೊತೆ ಏನೋ ಹೇಳುತ್ತಿದ್ದವನು ಮಾತಿನ ಮಧ್ಯೆಯೇ ಕತ್ತು ಹೊರಳಿಸಿ ಕೇಳಿದ, 'ಕೈ ತೊಳ್ಕೊಂಡ್ಯಾ?' ಅದೇ ದನಿ. ಸುಮ್ನೆ ಕೇಳಿದ್ದು ಅನ್ನೋ ಥರದ, ಮೆತ್ತಗಿನ ದನಿ. ನನ್ನ ಹೆಂಡತಿ ಪಕ್ಕದಲ್ಲೇ ಕೂತಿದ್ದಳು. ನನ್ನ ಕಡೆ ತಿರುಗಿ ನೋಡಲಿಲ್ಲ. ಬೇಕಂತಲೇ ನೋಡಲಿಲ್ಲ. ಅವತ್ತಿಂದ ಇದು ತಲೆ ಕೊರೆಯುತ್ತಿದೆ.

ಡಬ್ಬಿಯೊಳಗೆ ಹೋದ ಬೆರಳು

ಹೊಸ ಕೂಸಿಗೆ ದಿನಕ್ಕೆ 8ರಿಂದ 12 ಡೈಪರ್ ಬೇಕಾಗುತ್ತೆ. ಹತ್ತು ಅಂತಲೇ ಇಟ್ಟುಕೊಂಡರೂ ತಿಂಗಳಿಗೆ 300. ಒಂದೇ ಕೆಲಸ, 300 ಸಲ, ಇಬ್ಬರು, ನಿದ್ದೆಗೆಟ್ಟ ಕಣ್ಣು. ಜಗಳ ಬರದೇ ಇರೋಕೆ ಸಾಧ್ಯವೇ ಇರಲಿಲ್ಲ ಅಂತ ಈಗ ಅನಿಸುತ್ತೆ.

ನನ್ನದು ಒಂಥರಾ ಆಪರೇಷನ್ ಥಿಯೇಟರ್ ಶಿಸ್ತು. ಬೇಕಾದ್ದನ್ನೆಲ್ಲ ಕೈಗೆ ಸಿಗುವ ಹಾಗೆ ಮೊದಲೇ ಜೋಡಿಸಿಟ್ಟುಕೊಳ್ಳಬೇಕು. ಕೆಳಗೆ ಶೀಟು ಹಾಸಬೇಕು. ಹೊಸ ಡೈಪರನ್ನ ಹಳೇದರ ಅಡಿಗೆ ಮೊದಲೇ ತೂರಿಸಿಡಬೇಕು. ಮಗುವಿನ ಎರಡೂ ಕಾಲು ಎತ್ತಿ ಹಿಡಿಯುವ ಕೈ ಶುದ್ಧ, ಒರೆಸುವ ಕೈ ಗಲೀಜು. ಗಲೀಜು ಕೈ ಮಗುವಿನ ಅಂಗಿ ಮುಟ್ಟಬಾರದು, ಹೊಸ ಡೈಪರಿನ ಅಂಟುಪಟ್ಟಿ ಮುಟ್ಟಬಾರದು, ವೈಪ್ಸ್ ಪ್ಯಾಕೆಟ್ಟಿನ ಮುಚ್ಚಳವನ್ನಂತೂ ಮುಟ್ಟಲೇಬಾರದು. ಇದೆಲ್ಲ ಯಾರೂ ಹೇಳಿಕೊಟ್ಟಿದ್ದಲ್ಲ. ಆಸ್ಪತ್ರೆಯಲ್ಲಿ ನರ್ಸ್ ಒಬ್ಬರು ತೋರಿಸಿಕೊಟ್ಟದ್ದು ಒಂದೇ: ಹೆಣ್ಣುಮಗು, ಮುಂದಿನಿಂದ ಹಿಂದಕ್ಕೆ ಒರೆಸಿ, ಉಲ್ಟಾ ಒರೆಸಿದರೆ ಕರುಳಿನ ಬ್ಯಾಕ್ಟೀರಿಯಾ ಮೂತ್ರದ ದಾರಿಗೆ ಹೋಗುತ್ತೆ. ಅದೊಂದರಲ್ಲಿ ನಮ್ಮಿಬ್ಬರಿಗೂ ತಕರಾರು ಬರಲಿಲ್ಲ. ಮಿಕ್ಕಿದ್ದರಲ್ಲೆಲ್ಲ ಬಂತು.

ಮೊದಲ ದೊಡ್ಡ ಜಗಳ ಕ್ರೀಮಿನ ಡಬ್ಬಿಯದ್ದು. ಮಗಳಿಗೆ ಇಪ್ಪತ್ತು ದಿನ. ರ‍್ಯಾಶ್ ಕ್ರೀಮ್ ಅಗಲ ಬಾಯಿಯ ಡಬ್ಬಿಯಲ್ಲಿತ್ತು. ಹೆಂಡತಿ ಬೆರಳಲ್ಲಿ ಒಂದಿಷ್ಟು ತೆಗೆದು ಹಚ್ಚಿದಳು. ತೊಡೆ ಸಂದಿಯಲ್ಲಿ ಸ್ವಲ್ಪ ಜಾಗ ಬಿಟ್ಟುಹೋಗಿತ್ತು. ಅದೇ ಬೆರಳು ಮತ್ತೆ ಡಬ್ಬಿಗೆ ಹೋಯಿತು. ನಾನು ನೋಡುತ್ತಿದ್ದೆ. ಬೆರಳು ಈಚೆ ಬಂದಾಗ ಬಿಳಿ ಕ್ರೀಮಿನ ಮೇಲೆ ಉಗುರಿನ ಗೀರಿನಷ್ಟು ಹಳದಿ ಉಳಿಯಿತು. ಅಷ್ಟೇ. ನಾನು ಡಬ್ಬಿ ತಗೊಂಡು ಹೋಗಿ ಕಸದ ಬುಟ್ಟಿಗೆ ಹಾಕಿದೆ. ಅವಳ ಕಣ್ಣೆದುರಿಗೇ, ಒಂದು ಮಾತೂ ಆಡದೆ.

'ಅವಳ ಕಕ್ಕ ಅವಳ ಮೈಗೇ ತಾನೇ ಹೋಗೋದು? ಬೇರೆ ಯಾರದ್ದೋ ಅಲ್ವಲ್ಲ?' ಅಂದಳು.

ನನ್ನ ಹತ್ತಿರ ಉತ್ತರ ಇತ್ತು. ಡಬ್ಬಿಗೆ ಸೇರಿದ ಬ್ಯಾಕ್ಟೀರಿಯಾ ಅಲ್ಲೇ ಕೂತಿರುತ್ತೆ, ನಾಳೆ ಚರ್ಮ ಕೆಂಪಾಗಿ ಒಡೆದಾಗ ಅದೇ ಕ್ರೀಮನ್ನ ಅದೇ ಗಾಯಕ್ಕೆ ಹಚ್ಚುತ್ತೀಯ ಅಂತ. ಉತ್ತರ ಸರಿಯಾಗೇ ಇತ್ತು, ಈಗಲೂ ಸರಿ ಅಂತಲೇ ಅನ್ನುತ್ತೇನೆ. ಆದರೆ ಬುಟ್ಟಿಗೆ ಎಸೆದವನ ಬಾಯಿಂದ ಬಂದ ಸರಿಯಾದ ಉತ್ತರವನ್ನ ಯಾರು ಕೇಳಿಸಿಕೊಳ್ಳುತ್ತಾರೆ.

ಆರನೇ ವಾರ, ಮಕ್ಕಳಿಗೆ ಭೇದಿ ತರೋ ರೋಟಾವೈರಸ್ ತಡೆಯೋ ಹನಿ ಹಾಕಿಸಿದೆವು. ಅದು ಜೀವಂತ ವೈರಸ್ಸಿನ ಶಕ್ತಿ ಕುಂದಿಸಿ ಮಾಡಿದ ಲಸಿಕೆ. ಹಾಗಾಗಿ ಕೆಲವು ದಿನ ಕಕ್ಕದಲ್ಲಿ ಹೊರಗೆ ಬರಬಹುದು, ಡೈಪರ್ ಬದಲಿಸಿದ ಮೇಲೆ ಕೈ ಚೆನ್ನಾಗಿ ತೊಳ್ಕೊಳ್ಳಿ ಅಂದರು ಡಾಕ್ಟರು. ನನಗೆ ಇಷ್ಟು ಸಾಕಾಯಿತು. 'ಕೇಳಿಸ್ತಾ?' ಅನ್ನೋ ಹಾಗೆ ಹೆಂಡತಿಯ ಕಡೆ ನೋಡಿದೆ. (ಡಾಕ್ಟರ ಕೋಣೆಯಲ್ಲಿ ಗಂಡ ಹೀಗೆ ನೋಡೋದು ಎಂಥಾ ಕೆಟ್ಟ ನೋಟ ಅಂತ ಆ ಡಾಕ್ಟರ ಮುಖ ನೋಡಿದ್ದರೆ ಆವಾಗಲೇ ಗೊತ್ತಾಗುತ್ತಿತ್ತು.)

ಅವತ್ತು ರಾತ್ರಿ ಕೂತು ಓದಿದೆ. ಭೇದಿ ಹತ್ತಿದ ಮಕ್ಕಳ ಕರುಳಿನ ಚೂರನ್ನ 1973ರಲ್ಲಿ ಮೆಲ್ಬರ್ನಿನಲ್ಲಿ ರೂತ್ ಬಿಷಪ್ ಮತ್ತವರ ಜೊತೆಗಾರರು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿಟ್ಟು ಈ ವೈರಸ್ಸನ್ನ ಕಂಡಿದ್ದು, ನೋಡೋಕೆ ಚಕ್ರದ ಹಾಗಿದೆ ಅಂತ ಆಮೇಲೆ ಅದಕ್ಕೆ 'ರೋಟಾ' ಅಂತ ಲ್ಯಾಟಿನ್ನಿನ ಚಕ್ರದ ಹೆಸರೇ ಬಂದಿದ್ದು, ಎಲ್ಲ. ಸೋಂಕು ತಗುಲಿದ ಮಗುವಿನ ಒಂದು ಗ್ರಾಂ ಮಲದಲ್ಲಿ ಸಾವಿರ ಕೋಟಿಗೂ ಮೀರಿ ವೈರಸ್ ಇರಬಹುದು. ಇನ್ನೊಬ್ಬರಿಗೆ ಹತ್ತಿಕೊಳ್ಳೋಕೆ ನೂರಕ್ಕಿಂತ ಕಮ್ಮಿ ಸಾಕು. ರಾತ್ರಿ ಹನ್ನೊಂದು ಗಂಟೆಗೆ ಇದನ್ನ ಹೆಂಡತಿಗೆ ಓದಿ ಹೇಳಿದೆ. ಅವಳಿಗೆ ಮಗು ಏಳೋದರೊಳಗೆ ಒಂದೂವರೆ ತಾಸು ನಿದ್ದೆ ಸಿಕ್ಕರೆ ಅದೇ ಭಾಗ್ಯ.

'ಅವಳಿಗೆ ಭೇದಿ ಆಗಿಲ್ಲ. ಆಗ್ಬಾರ್ದು ಅಂತಲೇ ಹನಿ ಹಾಕ್ಸಿದ್ದು. ಮಲಕ್ಕೋ' ಅಂತ ಗೋಡೆ ಕಡೆ ತಿರುಗಿದಳು.

ಊರವರ ಕೊಳೆ

ಇಷ್ಟು ಹೊತ್ತು ಅವಳು ಸ್ವಚ್ಛತೆ ಬಗ್ಗೆ ತಲೆ ಕೆಡಿಸಿಕೊಳ್ಳದವಳು ಅನ್ನೋ ಹಾಗೆ ಬರೆದಿದ್ದೇನೆ. ಆವಾಗ ನಾನು ಹಾಗೇ ಅಂದುಕೊಂಡಿದ್ದೆ. ಅವಳದ್ದೂ ಒಂದು ಕಟ್ಟುನಿಟ್ಟು ಇತ್ತು, ನನ್ನದಕ್ಕಿಂತ ಜಾಸ್ತಿಯೇ ಇತ್ತು, ನನಗೆ ಕಾಣುತ್ತಿರಲಿಲ್ಲ ಅಷ್ಟೇ.

ಒಂದು ಸಂಜೆ ಆಫೀಸಿಂದ ಬಂದೆ. ಬಾಗಿಲು ತೆಗೆಯೋ ಹೊತ್ತಿಗೇ ಮಗು ಅಳುತ್ತಿತ್ತು, ಡೈಪರ್ ತುಂಬಿತ್ತು. ನಾನೇ ಮಾಡ್ತೀನಿ ಅಂತ ಚಪ್ಪಲಿ ಬಿಟ್ಟು, ಬ್ಯಾಗು ಎಸೆದು, ಫೋನನ್ನ ಹಾಸಿಗೆ ಮೇಲೆ ಇಟ್ಟು ಮಗುವನ್ನ ಎತ್ತಿಕೊಂಡೆ. ಒಳ್ಳೆಯ ಅಪ್ಪ ಅನಿಸಿಕೊಳ್ಳೋಕೆ ಇದಕ್ಕಿಂತ ಒಳ್ಳೆಯ ಗಳಿಗೆ ಯಾವುದಿದೆ? ಹಿಂದಿಂದ ದನಿ ಬಂತು.

'ಕೈ ತೊಳ್ಕೊಂಡ್ಯಾ?'

'ಇನ್ನೂ ಬದಲಿಸೇ ಇಲ್ವಲ್ಲೇ. ಆಮೇಲೆ ತೊಳ್ಕೊಳ್ತೀನಿ.'

ಅವಳು ಬಂದು ಮಗುವನ್ನ ನನ್ನ ಕೈಯಿಂದ ಇಸಿದುಕೊಂಡಳು. 'ಲಿಫ್ಟಿನ ಬಟನ್ ಒತ್ತಿದ ಕೈ. ಬಸ್ಸಿನ ಕಂಬಿ ಹಿಡ್ಕೊಂಡ ಕೈ. ಬೆಳಗ್ಗಿಂದ ಫೋನ್ ಉಜ್ಜಿದ ಕೈ. ಆ ಕೈಲಿ ಇವಳನ್ನ ಮುಟ್ತೀಯ, ಅದೂ ಅಲ್ಲಿ ಮುಟ್ತೀಯ, ಆಮೇಲೆ ನಿನ್ನ ಕೈ ತೊಳ್ಕೊಳ್ತೀಯ. ಯಾರಿಗೋಸ್ಕರ ತೊಳ್ಕೊಳ್ಳೋದು ನೀನು? ಇವಳ ಕಕ್ಕದಲ್ಲಿರೋದು ಇವಳದ್ದು ಕಣೋ. ನಿನ್ನ ಕೈಲಿರೋದು ಊರವರದ್ದು.'

ನನಗೆ ಆವಾಗ ಸಿಟ್ಟೇ ಬಂತು. ಎರಡು ನಿಮಿಷದ ಕೆಲಸಕ್ಕೆ ಇಷ್ಟೊಂದು ಮಾತಾ ಅಂತ. ಆದರೆ ಮರುದಿನದಿಂದ ಗಮನಿಸೋಕೆ ಶುರು ಮಾಡಿದೆ. ಅವಳು ಪ್ರತಿ ಸಲವೂ ಡೈಪರ್ ಬಿಚ್ಚೋಕೆ ಮೊದಲು ಕೈ ತೊಳೆಯುತ್ತಿದ್ದಳು, ಸೋಪು ಹಾಕಿ, ಮೊಣಕೈವರೆಗೂ. ಬದಲಿಸಿ ಆದ ಮೇಲೆ ಬರೀ ಉಚ್ಚೆಯಾಗಿದ್ದರೆ ಒಂದು ವೈಪ್‌ನಲ್ಲಿ ಕೈ ಒರೆಸಿ ಮುಂದಿನ ಕೆಲಸಕ್ಕೆ ಹೋಗುತ್ತಿದ್ದಳು. ನಾನು ಬಿಚ್ಚೋಕೆ ಮೊದಲು ಒಂದು ಸಲವೂ ತೊಳೆಯುತ್ತಿರಲಿಲ್ಲ. ಆದ ಮೇಲೆ ಚರ್ಮ ಕಿತ್ತು ಬರೋ ಹಾಗೆ ಉಜ್ಜುತ್ತಿದ್ದೆ. ಅಂದರೆ ಇಬ್ಬರೂ ಒಂದೊಂದು ಸಲ ತೊಳೆಯುತ್ತಿದ್ದೆವು, ಇಬ್ಬರೂ ಒಂದೊಂದು ಸಲ ಬಿಡುತ್ತಿದ್ದೆವು. ನನಗೆ ಮಗುವಿನಿಂದ ನಮ್ಮ ಕಡೆ ಬರೋ ಕೊಳೆಯ ಭಯ, ಅವಳಿಗೆ ನಮ್ಮಿಂದ ಮಗುವಿನ ಕಡೆ ಹೋಗೋ ಕೊಳೆಯ ಭಯ. ಒಂದೇ ರಸ್ತೆಗೆ ಎರಡೂ ತುದಿಯಲ್ಲಿ ಕಾವಲು ನಿಂತ ಹಾಗೆ, ಮತ್ತೆ ಒಬ್ಬರಿಗೊಬ್ಬರು 'ನೀನು ಕಾಯ್ತಾನೇ ಇಲ್ಲ' ಅಂತ ಬೈದುಕೊಂಡ ಹಾಗೆ.

ಇದು ನನಗೆ ಇಷ್ಟು ಸಲೀಸಾಗಿ ಹೊಳೀಲಿಲ್ಲ. ಮಧ್ಯದಲ್ಲಿ ಒಂದು ಸೋಲು ಇದೆ. ಅದನ್ನೂ ಹೇಳಬೇಕು.

ಊರವರದ್ದು ಅನ್ನೋ ಮಾತು ಬಂದ ಎರಡು ದಿನಕ್ಕೆ ನಾನು ಒಂದು ಕಥೆ ತಯಾರು ಮಾಡಿಕೊಂಡೆ. ಕೈ ತೊಳೆಯೋ ವಿಷಯ ಓದೋಕೆ ಹೋದವರಿಗೆಲ್ಲ ಸಿಕ್ಕೇ ಸಿಗುವ, ಇಗ್ನಾಜ್ ಸೆಮ್ಮೆಲ್ವೈಸ್ ಅನ್ನೋ ಡಾಕ್ಟರ ಕಥೆ. ವಿಯೆನ್ನಾದ ಸರ್ಕಾರಿ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಾರ್ಡು. ಒಂದರಲ್ಲಿ ಡಾಕ್ಟರುಗಳು, ಕಲಿಯುವ ಹುಡುಗರು. ಇನ್ನೊಂದರಲ್ಲಿ ಸೂಲಗಿತ್ತಿಯರು. 1846ರಲ್ಲಿ ಡಾಕ್ಟರುಗಳ ವಾರ್ಡಿನಲ್ಲಿ ನೂರಕ್ಕೆ 11ಕ್ಕೂ ಹೆಚ್ಚು ತಾಯಂದಿರು ಸತ್ತರು, ಸೂಲಗಿತ್ತಿಯರ ವಾರ್ಡಿನಲ್ಲಿ 3ಕ್ಕೂ ಕಮ್ಮಿ. ಮೊದಲನೇ ವಾರ್ಡಿಗೆ ಹಾಕಬೇಡಿ ಅಂತ ಹೆಂಗಸರು ಅಂಗಲಾಚುತ್ತಿದ್ದರಂತೆ. 1847ರಲ್ಲಿ ಅವನ ಗೆಳೆಯನಾದ ಡಾಕ್ಟರೊಬ್ಬ, ಹೆಣ ಕೊಯ್ಯುವಾಗ ಚಾಕು ತಾಗಿ ಗಾಯವಾಗಿ, ಆ ತಾಯಂದಿರ ಹಾಗೇ ಜ್ವರ ಬಂದು ಸತ್ತ. ಸೆಮ್ಮೆಲ್ವೈಸಿಗೆ ಹೊಳೆಯಿತು. ಹೆಣ ಕೊಯ್ದ ಕೈಯಲ್ಲೇ ಡಾಕ್ಟರುಗಳು ಹೆರಿಗೆ ಮಾಡಿಸೋಕೆ ಬರುತ್ತಿದ್ದಾರೆ. ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆದೇ ಬರಬೇಕು ಅಂತ ಕಟ್ಟು ಮಾಡಿದ. ಆ ಬೇಸಿಗೆಯಲ್ಲೇ ಸಾವು ನೂರಕ್ಕೆ ಎರಡರ ಆಸುಪಾಸಿಗೆ ಇಳಿಯಿತು.

ಇದನ್ನ ನಾನು ಚೆನ್ನಾಗೇ ಹೇಳಿದೆ. ಹೆಂಡತಿ ಮಗುವಿಗೆ ಹಾಲು ಕೊಡುತ್ತಾ ಪೂರ್ತಿ ಕೇಳಿದಳು. ಮಗುವನ್ನ ಹೆಗಲ ಮೇಲೆ ಹಾಕಿಕೊಂಡು ಬೆನ್ನು ತಟ್ಟಿದಳು. ತೇಗು ಬಂತು. ಆಮೇಲೆ ಕೇಳಿದಳು.

'ಆ ಡಾಕ್ಟರುಗಳು ಕೈ ತೊಳೀಬೇಕಿದ್ದಿದ್ದು ಯಾವಾಗ? ಬಾಣಂತೀನ ಮುಟ್ಟೋಕೆ ಮೊದ್ಲಾ, ಮುಟ್ಟಾದ್ಮೇಲಾ?'

ಎರಡು ದಿನ ಮಸೆದ ಕತ್ತಿಯನ್ನ ಎದುರಾಳಿ ಕೈಗೆ ಹಿಡಿ ಕಡೆಯಿಂದ ಕೊಟ್ಟಿದ್ದೆ.

ಆಮೇಲೊಂದು ದಿನ ವಿಶ್ವ ಆರೋಗ್ಯ ಸಂಸ್ಥೆ ಆಸ್ಪತ್ರೆಯವರಿಗೆ ಹೇಳಿರುವ ಕೈ ತೊಳೆಯುವ ಐದು ಹೊತ್ತುಗಳು ಕಣ್ಣಿಗೆ ಬಿದ್ದವು, 2009ರ ಸೂಚನೆಗಳಲ್ಲಿ. ರೋಗಿಯನ್ನ ಮುಟ್ಟೋಕೆ ಮೊದಲು, ಶುಚಿಯಾಗಿ ಮಾಡಬೇಕಾದ ಕೆಲಸಕ್ಕೆ ಮೊದಲು, ಮೈಯಿಂದ ಹೊರಬಂದದ್ದು ತಾಗಿದ ಮೇಲೆ, ರೋಗಿಯನ್ನ ಮುಟ್ಟಿದ ಮೇಲೆ, ರೋಗಿಯ ಸುತ್ತಮುತ್ತಲಿನ ವಸ್ತು ಮುಟ್ಟಿದ ಮೇಲೆ. ಎರಡು 'ಮೊದಲು', ಮೂರು 'ಮೇಲೆ'. ಮೂರಕ್ಕೆ ಎರಡು, ಲೆಕ್ಕದಲ್ಲಿ ನಾನೇ ಗೆದ್ದೆ ಅಂತ ಅವಳಿಗೆ ತೋರಿಸಬೇಕು ಅನಿಸಿತು. ತೋರಿಸಲಿಲ್ಲ. ಅಷ್ಟರ ಮಟ್ಟಿಗೆ ಬುದ್ಧಿ ಬಂದಿತ್ತು.

ಹಳದಿ ಗೆರೆ, ನೀಲಿ ಗೆರೆ

ಇನ್ನೊಂದು ಕಡೆಯೂ ಅವಳದ್ದೇ ಸರಿ ಇತ್ತು, ಅಲ್ಲಿ ನಾನು ಪೂರಾ ತಪ್ಪು. ಡೈಪರಿನ ಮುಂಭಾಗದಲ್ಲಿ ಒಂದು ಹಳದಿ ಗೆರೆ ಇರುತ್ತಲ್ಲ, ಒದ್ದೆಯಾದರೆ ನೀಲಿ ಆಗೋದು. ಅವಳು ಗೆರೆಯ ತುದಿ ಸ್ವಲ್ಪ ನೀಲಿಯಾದರೂ ಬಿಚ್ಚುತ್ತಿದ್ದಳು. ನಾನು ಹೊರಗಿಂದಲೇ ಎರಡು ಬೆರಳಲ್ಲಿ ಒತ್ತಿ ನೋಡಿ, 'ಇನ್ನೂ ಅರ್ಧ ತುಂಬಿಲ್ಲ, ಒಳಗಡೆ ಒಣಗೇ ಇದೆ, ಸುಮ್ನೆ ಯಾಕೆ ವೇಸ್ಟ್ ಮಾಡ್ತೀಯ' ಅನ್ನುತ್ತಿದ್ದೆ. ಡೈಪರ್ ಒಳಗಿರೋ ಪುಡಿ ತನ್ನ ತೂಕದ ಹತ್ತಾರು ಪಟ್ಟು ನೀರು ಹೀರಿ ಅಂಟಿನ ಹಾಗೆ ಹಿಡಿದಿಟ್ಟುಕೊಳ್ಳುತ್ತೆ ಅನ್ನೋ ಜ್ಞಾನ ಬೇರೆ ಇತ್ತು ನನಗೆ.

ಒಂದು ಭಾನುವಾರ ಮಧ್ಯಾಹ್ನ ಅವಳು ನಾಲ್ಕು ತಾಸು ಮಲಗಿದಳು. ಮಗು ನನ್ನ ಪಾಲಿಗೆ. ನಾನು ಒತ್ತಿ ಒತ್ತಿ ನೋಡಿ ಒಂದೇ ಡೈಪರಲ್ಲಿ ದಾಟಿಸಿದೆ. ಕೊನೆಯಲ್ಲಿ ಸ್ವಲ್ಪ ಕಕ್ಕವೂ ಆಗಿತ್ತು, ವಾಸನೆ ಬರಲಿಲ್ಲ, ಗೊತ್ತಾಗಲಿಲ್ಲ. ಸಂಜೆ ಬಿಚ್ಚಿದರೆ ತೊಡೆ ಸಂದಿ ಕೆಂಪಗೆ, ಬಿಸಿ. ಒರೆಸೋಕೆ ಮುಟ್ಟಿದ ಕೂಡಲೇ ಮಗು ಅತ್ತ ಅಳು, ಹಸಿವಿನ ಅಳು ಅಲ್ಲ, ನಿದ್ದೆಯ ಅಳು ಅಲ್ಲ, ನಾನು ಅಲ್ಲಿವರೆಗೂ ಕೇಳದ ಅಳು. ಉಚ್ಚೆಯೊಂದೇ ಅಷ್ಟು ತೊಂದರೆ ಮಾಡಲ್ಲವಂತೆ. ಕಕ್ಕದ ಜೊತೆ ಸೇರಿದರೆ ಅದರಲ್ಲಿರೋ ಬ್ಯಾಕ್ಟೀರಿಯಾ ಉಚ್ಚೆಯ ಯೂರಿಯಾವನ್ನ ಅಮೋನಿಯಾ ಮಾಡುತ್ತೆ, ಅದರಿಂದ ಚರ್ಮದ ಮೇಲಿನ ಹುಳಿಯ ಅಂಶ ಕಮ್ಮಿಯಾಗುತ್ತೆ, ಆವಾಗ ಕಕ್ಕದಲ್ಲಿರೋ ಜೀರ್ಣರಸಗಳು ಎಚ್ಚರವಾಗಿ ಚರ್ಮವನ್ನೇ ತಿನ್ನೋಕೆ ಶುರು ಮಾಡುತ್ತವೆ. ಒಂದೇ ಸಂಜೆಯಲ್ಲಿ ಇಷ್ಟೂ ಕಲಿತೆ. ಅವತ್ತು ನಾನು ಎಷ್ಟು ಸಲ ಕೈ ತೊಳೆದಿದ್ದೆ ಅನ್ನೋದನ್ನ ಯಾರೂ ಕೇಳಲಿಲ್ಲ. ವೈಪ್ಸ್ ಬಿಟ್ಟು, ಉಗುರುಬೆಚ್ಚಗಿನ ನೀರಲ್ಲಿ ಹತ್ತಿ ಅದ್ದಿ ಒರೆಸಿ, ಒಣಗೋಕೆ ಬಿಟ್ಟು, ಆಮೇಲೆ ಕ್ರೀಮ್ ಹಚ್ಚಿದಳು. ನನ್ನನ್ನ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಎರಡು ಕೈ

ಏಳನೇ ವಾರವೋ ಎಂಟನೇ ವಾರವೋ. ಅಷ್ಟು ಹೊತ್ತಿಗೆ ನಮ್ಮದು ಒಪ್ಪಂದ ಆಗಿತ್ತು: ಮೊದಲೂ ತೊಳೆಯೋದು, ಆಮೇಲೂ ತೊಳೆಯೋದು, ಇಬ್ಬರೂ. ಎರಡೂ ಕಡೆಯವರು ಗೆದ್ದ ಒಪ್ಪಂದ. ಜಗಳ ಮುಗಿಯಬೇಕಿತ್ತು. ನನ್ನ ಪ್ರಶ್ನೆ ಮಾತ್ರ ನಿಲ್ಲಲಿಲ್ಲ, ಅದು ಬಾಯಿಗೆ ಅಂಟಿಕೊಂಡುಬಿಟ್ಟಿತ್ತು.

ಅವಳು ಕೋಣೆಯಿಂದ ಈಚೆ ಬಂದಳು. ನಾನು ಲ್ಯಾಪ್‌ಟಾಪ್ ಮುಂದಿದ್ದೆ. ತಲೆ ಎತ್ತದೆ ಕೇಳಿದೆ. ಉತ್ತರ ಬರಲಿಲ್ಲ. ಅವಳು ನೇರ ಬಂದು ಎರಡೂ ಕೈ ನನ್ನ ಮುಖಕ್ಕೂ ಸ್ಕ್ರೀನಿಗೂ ಮಧ್ಯೆ ಹಿಡಿದಳು.

ನಾನು ಆ ಕೈಗಳನ್ನ ಬಹಳ ದಿನದಿಂದ ನೋಡೇ ಇರಲಿಲ್ಲ. ಬೆರಳಿನ ಗೆಣ್ಣುಗಳೆಲ್ಲ ಕೆಂಪಾಗಿದ್ದವು. ಹಿಂಗೈ ಮೇಲೆ ಬಿಳಿ ಹೊಟ್ಟು ಎದ್ದಿತ್ತು. ಹೆಬ್ಬೆರಳಿನ ಬುಡದಲ್ಲಿ ಚರ್ಮ ಒಡೆದು ಕೂದಲೆಳೆಯಷ್ಟು ಗೀರು, ಅದರ ತುದಿಯಲ್ಲಿ ರಕ್ತ ಒಣಗಿತ್ತು. ಸೋಪಿನ ವಾಸನೆ ಬರುತ್ತಿತ್ತು. 'ತೊಳ್ಕೊಂಡಿದೀನಿ. ಉರೀತಿದೆ' ಅಂದಳು.

ಅವಳು ಹೋದ ಮೇಲೆ ಲೆಕ್ಕ ಹಾಕಿದೆ. ದಿನಕ್ಕೆ ಹತ್ತು ಡೈಪರ್. ನಾನು ಬದಲಿಸೋದು ಎರಡು, ಹೆಚ್ಚೆಂದರೆ ಮೂರು. ಅವಳದ್ದು ಏಳು ಎಂಟು. ಮೊದಲೊಂದು ಆಮೇಲೊಂದು ಅಂದರೆ ಹದಿನಾರು ಸಲ ಸೋಪು, ಬರೀ ಡೈಪರಿಗೆ. ಹಾಲು ಕೊಡೋಕೆ ಮೊದಲು, ಊಟಕ್ಕೆ ಮೊದಲು, ಪಾತ್ರೆ, ಬಟ್ಟೆ, ಅದೆಲ್ಲ ಬೇರೆ. ಸೋಪು ಎಣ್ಣೆಯಂಶವನ್ನ ಎಬ್ಬಿಸಿ ನೀರಿನ ಜೊತೆ ಕಳಿಸುತ್ತೆ, ವೈರಸ್ಸು ಬ್ಯಾಕ್ಟೀರಿಯಾ ಹೋಗೋದೂ ಹಾಗೇ. ಅದಕ್ಕೆ ಕೊಳೆಯ ಎಣ್ಣೆ ಯಾವುದು, ನಮ್ಮ ಚರ್ಮದ ಎಣ್ಣೆ ಯಾವುದು ಅಂತ ಬೇಧವಿಲ್ಲ. ಚರ್ಮ ಒಡೆದ ಮೇಲೆ ಅದರಲ್ಲಿ ಬ್ಯಾಕ್ಟೀರಿಯಾ ಕೂರೋದೂ ಜಾಸ್ತಿ. ನಾನು ಮಾಡಿದ ನಿಯಮಕ್ಕೆ ನಾನು ಕೊಟ್ಟಿದ್ದು ಪ್ರಶ್ನೆ, ಅವಳು ಕೊಟ್ಟಿದ್ದು ಚರ್ಮ. ದಿನಕ್ಕೆ ಮೂರು ಡೈಪರ್ ಬದಲಿಸೋನು ಶಿಸ್ತಿನ ಮನುಷ್ಯ ಆಗೋದು ಬಹಳ ಸುಲಭ.

ಇಲ್ಲಿ ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ನನ್ನ ಕಟ್ಟುನಿಟ್ಟೆಲ್ಲ ಸೂಕ್ಷ್ಮಜೀವಿಗಳ ಮೇಲಿನದ್ದಾ? ಅಲ್ಲ ಅನಿಸುತ್ತೆ. ನನಗೆ ಹೇಸಿಗೆ ಆಗುತ್ತಿತ್ತು, ಅಷ್ಟೇ. ಸ್ವಂತ ಮಗಳ ಕಕ್ಕಕ್ಕೆ ಹೇಸಿಗೆ ಪಡ್ತೀನಿ ಅಂತ ಒಪ್ಪಿಕೊಳ್ಳೋಕೆ ನಾಚಿಕೆಯಾಗಿ ಅದಕ್ಕೆ ವಿಜ್ಞಾನದ ಅಂಗಿ ತೊಡಿಸಿದ್ದೆ. ಬಸ್ಸಿನ ಕಂಬಿ ಹಿಡಿದ ಕೈ ನನಗೆ ಕೊಳೆ ಅನಿಸಲೇ ಇಲ್ಲ, ಯಾಕಂದರೆ ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. 2006ರಲ್ಲಿ ಆಸ್ಟ್ರೇಲಿಯಾದ ಮನಃಶಾಸ್ತ್ರಜ್ಞರು ತಾಯಂದಿರಿಗೆ ಕಕ್ಕದ ಡೈಪರುಗಳ ವಾಸನೆ ತೋರಿಸಿ ಕೇಳಿದ್ದರು, ಯಾವುದು ಜಾಸ್ತಿ ಹೇಸಿಗೆ ಅಂತ. ಯಾವುದು ಯಾರದ್ದು ಅಂತ ಹೇಳದೇ ಇದ್ದಾಗಲೂ ತಮ್ಮ ಮಗುವಿನದ್ದು ಕಮ್ಮಿ ಹೇಸಿಗೆ ಅನಿಸಿತಂತೆ. ಅಪ್ಪಂದಿರನ್ನ ಕೂರಿಸಿ ಕೇಳಿರಲಿಲ್ಲ. ಕೇಳಿದ್ದರೆ ನಾನು ಏನು ಹೇಳುತ್ತಿದ್ದೆನೋ.

ಗೆಳೆಯರಲ್ಲಿ ಕೆಲವರು ಇದಕ್ಕೆಲ್ಲ ಒಂದೇ ಮದ್ದು ಹೇಳುತ್ತಾರೆ: ಸ್ವಲ್ಪ ಕೊಳೆ ಮಕ್ಕಳಿಗೆ ಒಳ್ಳೇದು, ಜಾಸ್ತಿ ತೊಳೆದರೆ ಅಲರ್ಜಿ ಬರುತ್ತೆ. 1989ರಲ್ಲಿ ಡೇವಿಡ್ ಸ್ಟ್ರಾಚನ್ ಅನ್ನೋರು ಅಣ್ಣ ಅಕ್ಕ ಜಾಸ್ತಿ ಇರೋ ಮಕ್ಕಳಲ್ಲಿ ಅಲರ್ಜಿಯ ನೆಗಡಿ ಕಮ್ಮಿ ಅಂತ ಬರೆದಿದ್ದು ಎಲ್ಲರ ಬಾಯಲ್ಲಿ ಹೀಗಾಗಿದೆ. ಮಣ್ಣು, ಪ್ರಾಣಿ, ಇತರ ಮಕ್ಕಳ ಒಡನಾಟ ಬೇಕು ಅನ್ನೋದು ಒಂದು ಮಾತು. ಕಕ್ಕದ ಕೈ ತೊಳೆಯಬೇಡಿ ಅನ್ನೋದು ಬೇರೆ ಮಾತು. ಆ ಮದ್ದು ನನಗೆ ಒಪ್ಪಿಗೆಯಿಲ್ಲ, ಅವಳಿಗೂ ಇಲ್ಲ.

ನಲ್ಲಿಯ ಸದ್ದು

ಕೈ ನೋಡಿದ ಮರುದಿನ ನಾನು ಒಂದಿಷ್ಟು ಬದಲಾವಣೆ ಮಾಡಿದೆ. ಮಾತಾಡಿ ಬಗೆಹರಿಯದೇ ಇದ್ದದ್ದು ಕೆಲವು ವಸ್ತು ಬದಲಿಸಿದ್ದಕ್ಕೆ ಬಗೆಹರಿಯಿತು. ಡಬ್ಬಿಯ ಕ್ರೀಮಿನ ಬದಲು ಟ್ಯೂಬು ಬಂತು, ಬೆರಳು ಅದ್ದೋ ಪ್ರಶ್ನೆಯೇ ಇಲ್ಲ. ಸುವಾಸನೆಯ ಸೋಪು ಹೋಗಿ ಸಪ್ಪೆ ಸೋಪು ಬಂತು. ನಲ್ಲಿಯ ಪಕ್ಕದಲ್ಲಿ ಒತ್ತಿದರೆ ಬರೋ ಮಾಯಿಶ್ಚರೈಸರ್ ಬಾಟಲಿ ನಿಂತಿತು. ಸ್ಯಾನಿಟೈಸರ್ ಇಡೋಣ ಅಂದಳು, ಕಣ್ಣಿಗೆ ಕಾಣೋ ಕೊಳೆಗೆ ಅದು ಸಾಲದು, ವಾಂತಿಭೇದಿ ತರೋ ನೊರೋವೈರಸ್ಸಿನಂಥವಕ್ಕೆ ಅಷ್ಟಾಗಿ ತಾಗೋದೂ ಇಲ್ಲ ಅಂತ ನಾನು ಹೇಳಿದೆ. ಈ ಸಲ ಅವಳು ಕೇಳಿಸಿಕೊಂಡಳು. ಹೊರಗೆ ಹೋದಾಗಿನ ಬ್ಯಾಗಿನಲ್ಲಿ ಮಾತ್ರ ಇರಲಿ ಅಂತಾಯಿತು. ರಾತ್ರಿ ಹನ್ನೆರಡರಿಂದ ಬೆಳಗ್ಗೆ ಆರರವರೆಗಿನ ಡೈಪರುಗಳೆಲ್ಲ ನನ್ನವು.

ಮತ್ತೆ, ಕೇಳೋದು ನಿಲ್ಲಿಸಿದೆ. ಬಾಯಿಂದ ನಿಲ್ಲಿಸಿದೆ ಅನ್ನೋದು ಸರಿ. ಕಿವಿ ನಿಲ್ಲಿಸಲಿಲ್ಲ. ಅವಳು ಬಚ್ಚಲಿಗೆ ಹೋದರೆ ನಾನು ಇಲ್ಲಿ ಕೂತು ನಲ್ಲಿಯ ಸದ್ದು ಎಣಿಸುತ್ತಿದ್ದೆ. ಇಪ್ಪತ್ತು ಸೆಕೆಂಡ್ ತೊಳೆಯಬೇಕು ಅಂತಾರಲ್ಲ. ಹನ್ನೆರಡು, ಹದಿಮೂರು, ನಿಂತೇ ಹೋಯ್ತಾ? ಇಲ್ಲ, ಇದೆ. ಕೆಲವು ದಿನ ಆದ ಮೇಲೆ ನಲ್ಲಿ ಮೂವತ್ತು, ನಲವತ್ತರವರೆಗೂ ಹರಿಯೋಕೆ ಶುರುವಾಯಿತು. ಒಂದು ಸಲ ಎದ್ದು ಹೋಗಿ ನೋಡಿದೆ. ಅವಳು ಕೈ ಒರೆಸಿಕೊಂಡು, ನಲ್ಲಿ ಬಿಟ್ಟು, ಗೋಡೆಗೆ ಒರಗಿ ಕಣ್ಣು ಮುಚ್ಚಿ ನಿಂತಿದ್ದಳು. 'ಎಣಿಸಿ ಆಯ್ತಾ?' ಅಂದಳು, ಕಣ್ಣು ತೆರೆಯದೆ.

ಇನ್ನೊಂದು ಉಳಿದಿದೆ. ನನ್ನ ಪಾಳಿಯ ಒಂದು ರಾತ್ರಿ, ಮೂರು ಗಂಟೆ. ಮಗಳು ಎದ್ದಳು. ಕಕ್ಕ. ನನ್ನ ಥಿಯೇಟರ್ ಶಿಸ್ತಿನ ಪ್ರಕಾರ ಎಲ್ಲ ಜೋಡಿಸಿಟ್ಟುಕೊಂಡಿದ್ದೆ. ಹಳೇ ಡೈಪರ್ ತೆಗೆದು ಹೊಸದು ಎಳೆಯೋದರೊಳಗೆ ಅವಳು ಮತ್ತೆ ಮಾಡಿದಳು, ಈ ಸಲ ನೇರ ನನ್ನ ಅಂಗೈಗೆ, ಮುಂಗೈಗೆ. ಬೆಚ್ಚಗಿತ್ತು. ಒಂದು ಕೈಯಲ್ಲಿ ಅವಳ ಎರಡೂ ಕಾಲು, ಇನ್ನೊಂದು ಕೈಯಲ್ಲಿ ಅದು. ಅವಳು ಅಳಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ವೈಪ್ಸ್ ಪ್ಯಾಕೆಟ್ ಖಾಲಿಯಾಗಿತ್ತು. ಹೇಗೋ ಬಟ್ಟೆಯಲ್ಲಿ ಒರೆಸಿ, ಹೊಸದು ಹಾಕಿ ಎದೆಗೆ ಒರಗಿಸಿಕೊಂಡರೆ ಎರಡೇ ನಿಮಿಷಕ್ಕೆ ನಿದ್ದೆ ಹೋದಳು. ಬಚ್ಚಲಿಗೆ ಹೋಗಬೇಕು. ಲೈಟ್ ಹಾಕಬೇಕು. ನಲ್ಲಿ ಸದ್ದಾಗುತ್ತೆ. ಮಗು ಎದ್ದರೆ ಅವಳೂ ಏಳ್ತಾಳೆ. ನಾನು ಕೈಯನ್ನ ಶರ್ಟಿಗೆ ಒರೆಸಿದೆ, ಹೊಟ್ಟೆಯ ಮೇಲೆ ಅಡ್ಡಕ್ಕೆ ಒಂದು ಸಲ, ಉದ್ದಕ್ಕೆ ಒಂದು ಸಲ. ಶರ್ಟು ಬಿಚ್ಚಿ ಕೆಳಗೆ ಎಸೆದು ಮಗಳನ್ನ ಹಿಡಿದುಕೊಂಡೇ ಮಲಗಿಬಿಟ್ಟೆ. ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದು ಇಪ್ಪತ್ತು ಸೆಕೆಂಡಿನ ಎರಡು ಪಟ್ಟು ಕೈ ತೊಳೆದೆ. ಯಾರಿಗೂ ಹೇಳಲಿಲ್ಲ. ಮೂರು ವರ್ಷ.

ಇದನ್ನ ಇಲ್ಲಿವರೆಗೆ ಬರೆದು ನಿನ್ನೆ ರಾತ್ರಿ ಅವಳಿಗೆ ಓದೋಕೆ ಕೊಟ್ಟೆ. ನಿಧಾನಕ್ಕೆ ಓದಿದಳು, ಎರಡು ಕಡೆ ನಕ್ಕಳು, ಸೆಮ್ಮೆಲ್ವೈಸ್ ಬಂದಾಗ ಜಾಸ್ತಿ ನಕ್ಕಳು. ಕೊನೆಗೆ ಬಂದಾಗ ನಗಲಿಲ್ಲ. ಫೋನ್ ವಾಪಸ್ ಕೊಟ್ಟಳು.

'ಬೂದಿ ಬಣ್ಣದ್ದಲ್ವಾ ಆ ಶರ್ಟು? ಎರಡು ಸಲ ಒಗೆದ್ರೂ ಹಳದಿ ಹೋಗ್ಲಿಲ್ಲ. ಬಿಸಿಲಿಗೆ ಹಾಕಿದ್ಮೇಲೆ ಹೋಯ್ತು.'